ತೊಂಬತ್ತನಾಲ್ಕರ ನಡುಕ

ನಡುಕಕ್ಕೆ ಅರಬಿಯಲ್ಲಿ ಏನನ್ನುತ್ತಾರೋ,
ಹದಿನೇಳು ವರ್ಷವಾಯಿತು, ನನಗೆ ಗೊತ್ತಿಲ್ಲ.
ಬೇಕಾಗಿಯೂ ಇಲ್ಲ.
ಅಲ್ ಐನ್‌ನ ಸನಾಯಿಯಾದಲ್ಲಿ, ನಮ್ಮ ಶೆಡ್ಡಿಗೆ
ದೊಡ್ಡ ಗಾಡಿ ತಂದವರೆಲ್ಲ
ಇಳಿದು, ಬಾಗಿಲು ಹಾಕಿ,
ಮೊದಲು ಬಾಯಲ್ಲೇ ಮಾಡಿ ತೋರಿಸುತ್ತಾರೆ.

ಡಾಕ್ಟರಮ್ಮ ಹನಾನ್ ತುಟಿ ಕೂಡಿಸಿ ಬುರ್ರ್ ಅಂದರೆ
ಮುಂದಿನ ಚಕ್ರದ ಸೀಸ ಉದುರಿದೆ.
ಕಂಟ್ರಾಕ್ಟರ್ ವಲೇರಿಯನ್ ಲೋಬೊ
ಇಲ್ಲದ ಸ್ಟೇರಿಂಗು ಹಿಡಿದು ಗಡಗಡ ಕುಲುಕಿದರೆ
ಬ್ರೇಕಿನ ಡಿಸ್ಕು ಸೊಟ್ಟ.
ಜುಂಯ್ ಅಂದರೆ ಹಿಂದಿನ ಡಿಫರೆನ್ಷಿಯಲ್ಲು,
ಗೇರಿಗೆ ಬೀಳುವಾಗ ಟಕ್ ಅಂದರೆ
ಶಾಫ್ಟಿನ ಕ್ರಾಸು ಒಣಗಿ ಮರಳು ತಿಂದಿದೆ.
ಎರಡು ತಿಂಗಳು ರಜೆಗೆ ಹೋದವರ ಟಯರು
ನಿಂತಲ್ಲೇ ಒಂದು ಮಗ್ಗುಲು ಚಪ್ಪಟೆಯಾಗಿ
ಬೆಳಗಿನ ಮೊದಲ ಹತ್ತು ಮೈಲು ಕುಂಟುತ್ತದೆ,
ಕಾದ ಮೇಲೆ ತಾನೇ ಮರೆಯುತ್ತದೆ.
ಅದಕ್ಕೆ ನಾನು ದುಡ್ಡು ಮುಟ್ಟುವುದಿಲ್ಲ.

ನಾನು ಕಲಿತದ್ದು ಕಾಲಿನಿಂದ.
ಗಂಗೊಳ್ಳಿಯ ಬೋಟಿನಲ್ಲಿ ಬರಿಗಾಲಲ್ಲಿ ನಿಂತರೆ
ಹಲಗೆಯಡಿ ತಿರುಗುವ ಶಾಫ್ಟು
ಹಿಮ್ಮಡಿಗೆ ಸುದ್ದಿ ಕೊಡುತ್ತಿತ್ತು.
ಫ್ಯಾನಿಗೆ ಬಲೆ ಸುತ್ತಿದೆ, ಎಲೆಯೊಂದು ಮುಕ್ಕಾಗಿದೆ,
ತಾಂಡೇಲ ‘ಎಂತಾಯ್ತ್ ಕಾಣ್’ ಎಂದು ಕೂಗುವ ಮೊದಲೇ.
ಇಲ್ಲೂ ಶೂ ಬಿಚ್ಚಿ ಪಕ್ಕದ ಸೀಟಿನಲ್ಲಿ ಕೂರುತ್ತೇನೆ.
ಗಿರಾಕಿಗಳು ಮೂಗು ಮುಚ್ಚುತ್ತಾರೆ. ಮುಚ್ಚಲಿ.

ಶಾಬಾನ್ ತಿಂಗಳಲ್ಲಿ ಖಲ್ಫಾನ್ ಬಂದ.
ಎಂಟು ಸಿಲಿಂಡರಿನ ಗಾಡಿ, ಒಂದು ಕಾಲಕ್ಕೆ ಬಿಳಿ,
ಹಿಂದೆ ಒಂಟೆಯ ಮೇವು, ಮುಂದೆ ಫ್ಲಾಸ್ಕು.
ಬಾಯಲ್ಲಿ ಅವನು ಯಾವ ಸದ್ದೂ ಮಾಡಲಿಲ್ಲ.
ಮಗ ಸುಹೈಲನೇ ಮಾತಾಡಿದ:
ಅಪ್ಪನ ಗಾಡಿ ನಡುಗುತ್ತದೆ, ಸರಿಮಾಡು, ಬಿಲ್ಲು ನನಗೆ.
ಅಪ್ಪ ಹಫೀತ್ ಗುಡ್ಡ ನೋಡುತ್ತ ನಿಂತಿದ್ದ,
ಗಾಡಿ ಇನ್ಯಾರದೋ ಎಂಬಂತೆ.

ಅಲ್ ಕುವಾ ರಸ್ತೆಗೆ ಒಯ್ದೆ.
ಸ್ಪೀಡಿನ ಮುಳ್ಳು ಸೊನ್ನೆಯಲ್ಲಿ ಮಲಗಿತ್ತು,
ಮೊಬೈಲು ನಿಲ್ಲಿಸಿಕೊಂಡು ಲೆಕ್ಕ ನೋಡಿದೆ.
ಎಂಬತ್ತು, ಹಾಲಿನ ಕೆನೆ.
ತೊಂಬತ್ತು, ಕೆನೆಯೇ.
ತೊಂಬತ್ತನಾಲ್ಕಕ್ಕೆ ಬಂತು ನೋಡಿ,
ಮೊದಲು ಬೆರಳಿಗೆ, ಆಮೇಲೆ ಮೊಣಕೈಗೆ,
ಫ್ಲಾಸ್ಕಿನ ಮುಚ್ಚಳ ಕಟಕಟ, ಹಲ್ಲೂ ಕಟಕಟ.

ಕ್ರಾಸು ಬದಲಿಸಿದೆ. ನಾಲ್ಕೂ ಚಕ್ರ ತೂಗಿದೆ.
ಗುಲ್‌ಜಮಾನ್ ಗ್ರೀಸು ತುಂಬಿದ.
ಮುಳ್ಳಿನ ಮಾತು ಯಾರೂ ಎತ್ತಲಿಲ್ಲ.

ಒಂಬತ್ತನೇ ದಿನ ಮುದುಕ ಒಬ್ಬನೇ ಬಂದ.
ನಾಲ್ಕು ದಂಡದ ಚೀಟಿ ಬಾನೆಟ್ಟಿನ ಮೇಲೆ ಹರಡಿದ.
‘ಏನು ಮಾಡಿಟ್ಟೆ, ಖರ್ವಿ?
ಈಗ ಮನೆಯ ದಿಂಬಿಗೆ ಒರಗಿದ ಹಾಗಿದೆ.
ನಿಂತರೂ ಅಷ್ಟೇ, ನೂರಾನಲವತ್ತಕ್ಕೂ ಅಷ್ಟೇ.
ಹನ್ನೊಂದು ವರ್ಷ ಅಂಗೈಗೆ ಅದು ಹೇಳುತ್ತಿತ್ತು,
ನಾನು ಕಾಲು ಸಡಿಲ ಬಿಡುತ್ತಿದ್ದೆ.’

ಮುಳ್ಳು ರಿಪೇರಿ ಮಾಡುವಾ, ಅರವತ್ತು ದಿರ್ಹಮ್ ಅಂದೆ.
ಅವನು ಶೆಡ್ಡಿನೊಳಗೆ ಒಮ್ಮೆ ಕಣ್ಣು ಹಾಯಿಸಿ
ದನಿ ಇಳಿಸಿದ.
‘ದಿಬ್ಬದಾಚೆಯ ಒಂಟೆ ಎಣಿಸುತ್ತೇನೆ.
ಹತ್ತಿರದ ಅಂಕಿ ಕಲಸಿಹೋಗುತ್ತದೆ.
ಸುಹೈಲನಿಗೆ ಹೇಳಬೇಡ, ಕೀಲಿ ಕಸಿದುಕೊಳ್ಳುತ್ತಾನೆ.’

ನಾನು ಸುಮ್ಮನೆ ಚಹಾ ತರಿಸಿದೆ.
ನಮ್ಮ ರೂಮಿನ ಏಸಿ ಗೊರಗೊರ ಗೋಡೆ ಅಲ್ಲಾಡಿಸುತ್ತದೆ,
ರಾತ್ರಿ ಅದು ನಿಂತ ಕ್ಷಣ
ಆರು ಮಂದಿಗೂ ಒಟ್ಟಿಗೇ ಎಚ್ಚರ.

ಮುಂದಿನ ಬಲಚಕ್ರಕ್ಕೆ ಬೇಕೆಂದೇ ತಪ್ಪು ಜಾಗದಲ್ಲಿ ಸೀಸ ಬಡಿದೆ.
ಐದು ಗ್ರಾಮಿಗೆ ನೂರಾಹತ್ತರಲ್ಲಿ ಜುಮ್ ಎಂದಿತು,
ಮೂವತ್ತಕ್ಕೆ ಎಪ್ಪತ್ತರಲ್ಲೇ ರಂಪ.
ಗುಲ್‌ಜಮಾನ್ ಹಣೆ ಬಡಿದುಕೊಂಡ,
ಜನ್ಮವಿಡೀ ತೆಗೆದದ್ದನ್ನು ಈಗ ಹಾಕುವುದಾ ಉಸ್ತಾದ್!
ಮೂರು ಸಲ ಕುವಾ ರಸ್ತೆ, ಮೂರು ಸಲ ವಾಪಸು,
ಬರಿಗಾಲು ಮ್ಯಾಟಿನ ಮೇಲೆ.
ನಾಲ್ಕನೇ ಸಲ ಖಲ್ಫಾನನೇ ಕೂತ.
ಅವನ ಅಂಗೈಗಳನ್ನೇ ನೋಡುತ್ತಿದ್ದೆ.
ತೊಂಬತ್ತನಾಲ್ಕು.
ಕಾಲು ಸಡಿಲ ಬಿಟ್ಟ.

ಬಿಲ್ಲಿನಲ್ಲಿ ‘ಅಲೈನ್‌ಮೆಂಟ್’ ಅಂತ ಬರೆದೆ.
ಸಂಜೆ ಸುಹೈಲನ ಫೋನು.
ಇನ್ನೂ ಸ್ವಲ್ಪ ನಡುಗುತ್ತದಲ್ಲ?
ಹಳೇ ಗಾಡಿ ಸ್ವಾಮಿ, ಅಷ್ಟು ಇರಬೇಕು ಅಂದೆ,
ಮತ್ತೆ, ನಿಮ್ಮಪ್ಪನನ್ನು ಒಮ್ಮೆ
ಕಣ್ಣಿನ ಡಾಕ್ಟರ ಹತ್ತಿರ... ಎಂಬಲ್ಲಿಗೆ ಬಂದು
ನಾಲಿಗೆ ಕಚ್ಚಿದೆ.
ಏನಂದೆ? ಅಂದ.
ಟಯರು, ಅಂದೆ. ಟಯರು ಹೊಸದು ಹಾಕಿಸಿ.